ಅಲರ್ಜಿಯ ಉಬ್ಬಸಕ್ಕೆ ಒಂಟೆಯ ಹಾಲು: ಶಾಸ್ತ್ರದ ಮಾತು, ಸಂಶೋಧನೆಯ ಮಾತು

ಅಲರ್ಜಿಯಿಂದ ಉಂಟಾಗುವ ಅಸ್ತಮಾಕ್ಕೆ ಒಂಟೆಯ ಹಾಲು ಗುಣಕಾರಿಯೇ ಎಂದು ಈಚಿನ ಕೆಲವು ವರ್ಷಗಳಿಂದ ರೋಗಿಗಳು ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಜಾತ್ರೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹಾಕುವಾಗ ಮಾತ್ರ ಒಂಟೆಯನ್ನು ಕಂಡಿರುವ ನಮ್ಮ ಭಾಗದ ಜನರ ಮನೆಬಾಗಿಲಿಗೆ ಇಂದು ಅದರ ಹಾಲಿನ ಪುಡಿ ಡಬ್ಬಿಗಳಲ್ಲಿ ಬಂದಿಳಿಯುತ್ತಿದೆ. ಡಬ್ಬಿಯ ಜೊತೆಗೆ ಮೊಬೈಲಿನಲ್ಲಿ ಬರುವ ಸಂದೇಶವೊಂದು 'ಆಯುರ್ವೇದದಲ್ಲಿ ಹೇಳಿದೆ' ಎನ್ನುತ್ತದೆ, ಇನ್ನೊಂದು 'ವಿಜ್ಞಾನಿಗಳು ಸಿದ್ಧಮಾಡಿದ್ದಾರೆ' ಎನ್ನುತ್ತದೆ. ಈ ಎರಡು ಮಾತುಗಳಲ್ಲಿ ನಿಜವೆಷ್ಟು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳಿತು: ಒಂಟೆಯ ಹಾಲು ಒಳ್ಳೆಯ ಆಹಾರ, ಅದರ ಬಗೆಗಿನ ಸಂಶೋಧನೆಯೂ ಆಶಾದಾಯಕವಾಗಿದೆ. ಆದರೆ ಅದನ್ನು ಉಬ್ಬಸದ ಔಷಧವೆಂದು ಕರೆಯುವ ಕಾಲ ಇನ್ನೂ ಬಂದಿಲ್ಲ. ಅದನ್ನು ನಂಬಿ ಇದ್ದ ಔಷಧವನ್ನು ಬಿಡುವುದಂತೂ ಪ್ರಾಣಾಪಾಯದ ಕೆಲಸ.

ಮೊದಲು ಶಾಸ್ತ್ರವನ್ನು ನೋಡೋಣ. ಚರಕಸಂಹಿತೆಯ ಸೂತ್ರಸ್ಥಾನದ ಮೊದಲ ಅಧ್ಯಾಯದಲ್ಲಿಯೇ ಎಂಟು ಬಗೆಯ ಹಾಲುಗಳ ಎಣಿಕೆ ಇದೆ. ಕುರಿ, ಮೇಕೆ, ಹಸು, ಎಮ್ಮೆ, ಒಂಟೆ, ಆನೆ, ಕುದುರೆ ಮತ್ತು ಮಾನವ ಸ್ತ್ರೀಯ ಹಾಲುಗಳು ಅವು. ಅದೇ ಸೂತ್ರಸ್ಥಾನದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಇವುಗಳ ಗುಣಗಳನ್ನು ವಿವರಿಸಲಾಗಿದೆ. ಅಲ್ಲಿ ಒಂಟೆಯ ಹಾಲು ರೂಕ್ಷ, ಉಷ್ಣ, ಲಘು ಮತ್ತು ತುಸು ಉಪ್ಪು ರುಚಿಯುಳ್ಳದ್ದು ಎನ್ನಲಾಗಿದೆ. ಅಂದರೆ ಜಿಡ್ಡು ಕಡಿಮೆ, ಸ್ವಭಾವದಲ್ಲಿ ಬಿಸಿ, ಜೀರ್ಣಕ್ಕೆ ಹಗುರ. ವಾತ ಮತ್ತು ಕಫದ ವಿಕಾರಗಳು, ಹೊಟ್ಟೆಯುಬ್ಬರ, ಕ್ರಿಮಿ, ಬಾವು, ಉದರರೋಗ, ಮೂಲವ್ಯಾಧಿ ಇವುಗಳಲ್ಲಿ ಅದು ಹಿತವೆಂದು ಹೇಳಲಾಗಿದೆ. ವಾಗ್ಭಟನ ಅಷ್ಟಾಂಗಹೃದಯವೂ ಬಹುಮಟ್ಟಿಗೆ ಇದನ್ನೇ ಹೇಳಿ, ಹಸಿವನ್ನು ಹೆಚ್ಚಿಸುವ ಗುಣವನ್ನು ಸೇರಿಸುತ್ತದೆ.

ಈ ಪಟ್ಟಿಯನ್ನು ಮತ್ತೊಮ್ಮೆ ಗಮನಿಸಬೇಕು. ಇದರಲ್ಲಿ ಶ್ವಾಸರೋಗದ ಹೆಸರಿಲ್ಲ. ಅಷ್ಟಾಂಗಹೃದಯದ ಅದೇ ಐದನೆಯ ಅಧ್ಯಾಯದಲ್ಲಿ ಶ್ವಾಸವನ್ನು ಗೆಲ್ಲುವ ಹಾಲು ಯಾವುದೆಂಬುದಕ್ಕೆ ಸ್ಪಷ್ಟವಾದ ಉತ್ತರವಿದೆ, ಅದು ಮೇಕೆಯ ಹಾಲು. ಮೇಕೆ ಕಡಿಮೆ ನೀರು ಕುಡಿಯುತ್ತದೆ, ಸದಾ ಓಡಾಡುತ್ತದೆ, ಖಾರ ಕಹಿ ಸೊಪ್ಪುಗಳನ್ನು ಮೇಯುತ್ತದೆ, ಆದ್ದರಿಂದ ಅದರ ಹಾಲು ಲಘು ಎಂದು ಗ್ರಂಥಕಾರರು ಕಾರಣವನ್ನೂ ಕೊಡುತ್ತಾರೆ. ಇನ್ನು ಕುರಿಯ ಹಾಲು ಬಿಕ್ಕಳಿಕೆಯನ್ನೂ ಶ್ವಾಸವನ್ನೂ ಹೆಚ್ಚಿಸುತ್ತದೆ ಎಂಬ ಎಚ್ಚರಿಕೆ ಚರಕ, ವಾಗ್ಭಟ ಇಬ್ಬರಲ್ಲಿಯೂ ಇದೆ. ಕುರಿ ಸಾಕುವ ಮನೆಗಳಿರುವ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಈ ಮಾತನ್ನು ನೆನಪಿಡುವುದು ಒಳ್ಳೆಯದು. ಆಯುರ್ವೇದದ ಹೆಸರಿನಲ್ಲಿ ದೂರದ ಒಂಟೆಯನ್ನು ಮಾರುವವರು ಹಿತ್ತಿಲಿನ ಮೇಕೆಯನ್ನು ಮರೆತಿರುವುದು ವಿಚಿತ್ರವಾಗಿ ಕಾಣುತ್ತದೆ. ಮೇಕೆಯ ಹಾಲಿನ ಪುಡಿಗೆ ಅಷ್ಟು ಬೆಲೆ ಸಿಗಲಾರದು ಎಂಬುದೇ ಕಾರಣವಿರಬಹುದು.

ಹಾಗಾದರೆ ಒಂಟೆಯ ಹಾಲಿಗೂ ಉಬ್ಬಸಕ್ಕೂ ಶಾಸ್ತ್ರದಲ್ಲಿ ಸಂಬಂಧವೇ ಇಲ್ಲವೇ? ಊಹೆಗೆ ಅವಕಾಶವಿದೆ. ಚರಕಾಚಾರ್ಯರು ಹೇಳುವ ಐದು ಬಗೆಯ ಶ್ವಾಸಗಳಲ್ಲಿ ತಮಕಶ್ವಾಸವು ಇಂದಿನ ಅಸ್ತಮಾಕ್ಕೆ ಬಹಳ ಹತ್ತಿರವಾದದ್ದು. ಅದು ಕಫ ಮತ್ತು ವಾತಗಳಿಂದ ಹುಟ್ಟುವ ರೋಗ. ಮೊದಲು ನೆಗಡಿ, ಆಮೇಲೆ ಗಂಟಲಿನಲ್ಲಿ ಗೊರಗೊರ ಸದ್ದು, ಮಲಗಿದರೆ ಹೆಚ್ಚುವ ಸಂಕಟ, ಎದ್ದು ಕುಳಿತರೆ ನೆಮ್ಮದಿ, ಕಫ ಹೊರಬಿದ್ದಾಗ ಕ್ಷಣಕಾಲದ ಸುಖ, ಮೋಡ ಮಳೆ ಚಳಿ ಮೂಡಣಗಾಳಿಗಳಲ್ಲಿ ಉಲ್ಬಣ. ಈ ವರ್ಣನೆಯನ್ನು ಓದಿದ ಯಾವ ಉಬ್ಬಸದ ರೋಗಿಯೂ ಇದು ತನ್ನದೇ ಕಥೆ ಎನ್ನದಿರಲಾರ. ಕಫವಾತಗಳ ರೋಗಕ್ಕೆ ಕಫವಾತಹರವಾದ, ಉಷ್ಣವೂ ಲಘುವೂ ಆದ ಹಾಲು ಹಿತವಾಗಬಹುದು ಎಂಬುದು ಯುಕ್ತಿಗೆ ಒಪ್ಪುವ ಮಾತು. ಆದರೆ ಅದು ನಮ್ಮ ಯುಕ್ತಿಯೇ ಹೊರತು ಆಚಾರ್ಯರ ವಚನವಲ್ಲ. ಎರಡರ ನಡುವಿನ ಅಂತರವನ್ನು ಮರೆಮಾಚಬಾರದು.

ಇನ್ನೊಂದು ವಿಷಯವಿದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಹದಿನೇಳನೆಯ ಅಧ್ಯಾಯವು ಬಿಕ್ಕಳಿಕೆ ಮತ್ತು ಶ್ವಾಸಗಳ ಕಾರಣಗಳನ್ನು ಹೇಳುವಾಗ ಧೂಳು, ಹೊಗೆ, ಗಾಳಿ, ತಣ್ಣನೆಯ ಸ್ಥಳ ಎಂದು ಆರಂಭಿಸಿ, ಅವರೆ, ಉದ್ದು, ಹಿಟ್ಟಿನ ತಿನಿಸುಗಳನ್ನು ದಾಟಿ, ಮೊಸರು ಮತ್ತು ಆಮಕ್ಷೀರವನ್ನು ಹೆಸರಿಸುತ್ತದೆ. ಆಮಕ್ಷೀರವೆಂದರೆ ಕಾಯಿಸದ ಹಸಿ ಹಾಲು. 'ಒಂಟೆಯ ಹಾಲನ್ನು ಹಸಿಯಾಗಿಯೇ ಕುಡಿಯಬೇಕು, ಕಾಯಿಸಿದರೆ ಗುಣ ಹೋಗುತ್ತದೆ' ಎಂದು ಇಂದು ಪ್ರಚಾರ ಮಾಡುವವರು ಈ ಸಾಲನ್ನು ಓದಿರಲಾರರು. ಕರೆದ ಕೂಡಲೇ ಕುಡಿಯುವ ಧಾರೋಷ್ಣ ಹಾಲನ್ನು ವಾಗ್ಭಟನು ಅಮೃತಕ್ಕೆ ಹೋಲಿಸಿಲ್ಲವೇ ಎಂದು ಬಲ್ಲವರು ಕೇಳಬಹುದು. ಹೋಲಿಸಿದ್ದಾನೆ, ನಿಜ. ಆದರೆ ಅದು ಕೆಚ್ಚಲಿನ ಬಿಸಿ ಆರುವ ಮುನ್ನ, ಪಾತ್ರೆಯಿಂದ ನೇರವಾಗಿ ಕುಡಿಯುವ ಹಾಲಿನ ಮಾತು. ಬಿಕಾನೇರಿನಲ್ಲಿ ಕರೆದು, ಹೆಪ್ಪುಗಟ್ಟಿಸಿ, ಸಾವಿರಾರು ಕಿಲೋಮೀಟರು ದಾಟಿ ಬಂದ ಬಾಟಲಿಯ ಹಾಲು ಧಾರೋಷ್ಣವಾಗಲಾರದು. ಅದು ಆಮಕ್ಷೀರವೇ. ಹಸಿ ಹಾಲು ಗುರು ಹಾಗೂ ಸ್ರೋತಸ್ಸುಗಳನ್ನು ಕಟ್ಟುವಂಥದ್ದು, ಹದವಾಗಿ ಕಾಯಿಸಿದ್ದು ಅದಕ್ಕೆ ವಿರುದ್ಧ ಗುಣದ್ದು ಎಂದು ಆ ಗ್ರಂಥವೇ ಅಲ್ಲಿಯೇ ಹೇಳುತ್ತದೆ.

ಆಧುನಿಕ ಸಂಶೋಧನೆಯ ಕಡೆಗೆ ಬರೋಣ. ಅಲರ್ಜಿಯ ಅಸ್ತಮಾದಲ್ಲಿ ನಡೆಯುವುದು ಸಂಕ್ಷೇಪವಾಗಿ ಇದು: ಮನೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿ, ಹೂವಿನ ಪರಾಗ, ಬೂಷ್ಟು, ಜಿರಳೆಯ ಪುಡಿ ಮುಂತಾದ ನಿರುಪದ್ರವಿ ವಸ್ತುಗಳನ್ನು ದೇಹವು ಶತ್ರುವೆಂದು ಬಗೆದು ಐಜಿಇ ಎಂಬ ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ ವಸ್ತು ಮತ್ತೆ ಒಳಹೊಕ್ಕಾಗ ಮಾಸ್ಟ್ ಕೋಶಗಳು ಒಡೆದು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ಶ್ವಾಸನಾಳದ ಸ್ನಾಯುಗಳು ಬಿಗಿಯುತ್ತವೆ, ಒಳಪೊರೆ ಊದಿಕೊಳ್ಳುತ್ತದೆ, ಅಂಟು ಕಫ ತುಂಬುತ್ತದೆ. ಬಿಗಿತ ಒಂದೆರಡು ಗಂಟೆಗಳಲ್ಲಿ ಸಡಿಲಬಹುದು, ಆದರೆ ಒಳಪೊರೆಯ ಉರಿಯೂತ ವಾರಗಟ್ಟಲೆ ಉಳಿಯುತ್ತದೆ. ರೋಗಿ ಚೆನ್ನಾಗಿದ್ದೇನೆಂದು ಭಾವಿಸಿದ ದಿನಗಳಲ್ಲಿಯೂ ಆ ಬೆಂಕಿ ಬೂದಿಯೊಳಗೆ ಇರುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರ ಅಧ್ಯಯನಗಳಲ್ಲಿ ಆ ನಗರದ ಮಕ್ಕಳ ಅಸ್ತಮಾ ಪ್ರಮಾಣ 1979ರಲ್ಲಿ ನೂರಕ್ಕೆ 9 ಇದ್ದದ್ದು 1999ರ ವೇಳೆಗೆ ನೂರಕ್ಕೆ 29ನ್ನು ಮೀರಿತ್ತು. ಹೊಸ ಪರಿಹಾರಗಳಿಗಾಗಿ ತಂದೆತಾಯಿಗಳು ಏಕೆ ಹಂಬಲಿಸುತ್ತಾರೆಂಬುದು ಇದರಿಂದಲೇ ತಿಳಿಯುತ್ತದೆ.

ಒಂಟೆಯ ಹಾಲು ವಿಜ್ಞಾನಿಗಳ ಗಮನ ಸೆಳೆದದ್ದಕ್ಕೆ ಗಟ್ಟಿಯಾದ ಕಾರಣಗಳಿವೆ. ಹಸುವಿನ ಹಾಲಿನಲ್ಲಿ ಅಲರ್ಜಿ ಉಂಟುಮಾಡುವ ಮುಖ್ಯ ಸಸಾರಜನಕಗಳಲ್ಲಿ ಒಂದಾದ ಬೀಟಾ ಲ್ಯಾಕ್ಟೋಗ್ಲೋಬ್ಯುಲಿನ್ ಒಂಟೆಯ ಹಾಲಿನಲ್ಲಿ ಇಲ್ಲ. ತಾಯಿಯ ಹಾಲಿನಲ್ಲಿಯೂ ಅದು ಇರುವುದಿಲ್ಲ. ಲ್ಯಾಕ್ಟೋಫೆರಿನ್ ಎಂಬ ರಕ್ಷಕ ಸಸಾರಜನಕ ಅದರಲ್ಲಿದೆ, ಸಿ ಜೀವಸತ್ವ ಹಸುವಿನ ಹಾಲಿಗಿಂತ ಹಲವು ಪಟ್ಟು ಹೆಚ್ಚು. ಇದಕ್ಕಿಂತ ಕುತೂಹಲಕರವಾದುದು ಅದರ ಪ್ರತಿಕಾಯಗಳು. 1993ರಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದ ವಿಶ್ವವಿದ್ಯಾಲಯದ ಸಂಶೋಧಕರು ಒಂಟೆಯ ರಕ್ತದಲ್ಲಿ ಬೇರೆ ಪ್ರಾಣಿಗಳಿಗಿಂತ ಚಿಕ್ಕದಾದ, ಸರಳ ರಚನೆಯ ಪ್ರತಿಕಾಯಗಳನ್ನು ಕಂಡುಹಿಡಿದು ಪ್ರಕಟಿಸಿದರು. ಅವುಗಳ ತುಣುಕುಗಳಿಂದ ಇಂದು ನ್ಯಾನೋಬಾಡಿ ಎಂಬ ಹೊಸ ವರ್ಗದ ಔಷಧಗಳೇ ಬಂದಿವೆ. ಆದರೆ ಒಂದು ಎಚ್ಚರ ಬೇಕು. ಪ್ರಯೋಗಾಲಯದಲ್ಲಿ ಶುದ್ಧೀಕರಿಸಿ ಚುಚ್ಚುಮದ್ದಿನ ಮೂಲಕ ಕೊಡುವ ಔಷಧ ಬೇರೆ, ಲೋಟದಲ್ಲಿ ಕುಡಿದು ಜಠರಾಗ್ನಿಯಲ್ಲಿ ಬೇಯುವ ಹಾಲು ಬೇರೆ.

ಆಹಾರದ ಅಲರ್ಜಿಯ ವಿಷಯದಲ್ಲಿ ಮನುಷ್ಯರ ಮೇಲಿನ ಕೆಲವು ಅಧ್ಯಯನಗಳಿವೆ. ಇಸ್ರೇಲಿನಲ್ಲಿ ತೀವ್ರ ಆಹಾರ ಅಲರ್ಜಿಯಿದ್ದ 8 ಮಕ್ಕಳಿಗೆ ಒಂಟೆಯ ಹಾಲು ಕೊಟ್ಟು ಗುಣ ಕಂಡ ವರದಿ 2005ರಲ್ಲಿ ಪ್ರಕಟವಾಯಿತು. ಎಂಟೇ ಮಕ್ಕಳು, ಹೋಲಿಕೆಗೆ ಬೇರೊಂದು ಗುಂಪಿಲ್ಲ. ಆದ್ದರಿಂದ ಅದನ್ನು ಸುಳಿವು ಎನ್ನಬಹುದೇ ಹೊರತು ಪುರಾವೆ ಎನ್ನಲಾಗದು. ಕತಾರ್ ದೇಶದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನ ಹೆಚ್ಚು ಉಪಯುಕ್ತ. ಹಸುವಿನ ಹಾಲಿನ ಅಲರ್ಜಿಯಿದ್ದ 38 ಮಕ್ಕಳಿಗೆ ಚರ್ಮದ ಪರೀಕ್ಷೆ ಮಾಡಿದಾಗ ಒಂಟೆಯ ಹಾಲಿಗೆ ಅಲರ್ಜಿ ತೋರಿದವರು 7 ಮಂದಿ, ಮೇಕೆಯ ಹಾಲಿಗೆ ತೋರಿದವರು 24 ಮಂದಿ. ಇಲ್ಲಿ ಎರಡು ಪಾಠಗಳಿವೆ. ಹಸುವಿನ ಹಾಲು ಒಗ್ಗದ ಮಗುವಿಗೆ ಒಂಟೆಯ ಹಾಲು ಬಹುಮಟ್ಟಿಗೆ ಒಗ್ಗುತ್ತದೆ, ಆದರೆ ಎಲ್ಲರಿಗೂ ಅಲ್ಲ. ಮೇಲೆ ನಾನು ಹೊಗಳಿದ ಮೇಕೆಯ ಹಾಲು ಅಂಥ ಮಕ್ಕಳಿಗೆ ಅಪಾಯಕಾರಿಯಾಗಬಹುದು. ಶಾಸ್ತ್ರವಚನವನ್ನು ಅನ್ವಯಿಸುವಾಗಲೂ ಎದುರಿಗಿರುವ ರೋಗಿಯ ಪ್ರಕೃತಿಯನ್ನು ನೋಡಬೇಕೆಂಬುದಕ್ಕೆ ಇದು ನಿದರ್ಶನ.

ಅಸ್ತಮಾದ ವಿಷಯದಲ್ಲಿ ಇರುವುದು ಮುಖ್ಯವಾಗಿ ಪ್ರಯೋಗಾಲಯದ ಇಲಿಗಳ ಮೇಲಿನ ಕೆಲಸ. ಧೂಳಿನ ನುಸಿಯ ಸತ್ವವನ್ನು ಉಸಿರಿನ ದಾರಿಗೆ ಸೋಕಿಸಿ ಇಲಿಗಳಲ್ಲಿ ಅಸ್ತಮಾದಂಥ ಸ್ಥಿತಿಯನ್ನುಂಟುಮಾಡಿ, ಅವುಗಳಿಗೆ ಒಂಟೆಯ ಹಾಲು ಕೊಟ್ಟಾಗ ಶ್ವಾಸಕೋಶದ ಉರಿಯೂತ ಕಡಿಮೆಯಾದುದು ಕಂಡುಬಂದಿದೆ. ಇದು ನಿಜವಾಗಿಯೂ ಸಂತೋಷದ ಸಂಗತಿ. ಆದರೆ ಇಲಿಗೆ ಹುಟ್ಟಿನಿಂದ ಅಸ್ತಮಾ ಇರುವುದಿಲ್ಲ, ನಾವು ಅದಕ್ಕೆ ಬರಿಸಿದ್ದು. ಹತ್ತು ವರ್ಷಗಳಿಂದ ಉಬ್ಬಸದಿಂದ ನರಳಿ ಶ್ವಾಸನಾಳಗಳೇ ದಪ್ಪಗಟ್ಟಿರುವ ಮನುಷ್ಯನಲ್ಲಿ ಅದೇ ಫಲ ದೊರೆಯುವುದೇ ಎಂಬುದನ್ನು ಮನುಷ್ಯರ ಮೇಲೆ, ಸಾಕಷ್ಟು ಸಂಖ್ಯೆಯಲ್ಲಿ, ಹೋಲಿಕೆಯ ಗುಂಪಿಟ್ಟು ನೋಡಿಯೇ ಹೇಳಬೇಕು.

ಹಸಿ ಹಾಲಿನ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡುಗಳ ಹಳ್ಳಿಗಳ ಎಂಟು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳನ್ನು ಕುರಿತು 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಹೊಲಮನೆಯ ಹಸುವಿನ ಹಾಲನ್ನು ಕಾಯಿಸದೆ ಕುಡಿಯುವ ಮಕ್ಕಳಲ್ಲಿ ಅಸ್ತಮಾ ಕಡಿಮೆ ಇತ್ತು, ಕಾಯಿಸಿ ಕುಡಿದವರಲ್ಲಿ ಆ ಲಾಭ ಕಾಣಲಿಲ್ಲ. ಶಾಖಕ್ಕೆ ಕೆಡುವ ಹಾಲಿನ ತಿಳಿಯ ಸಸಾರಜನಕಗಳು ಇದಕ್ಕೆ ಕಾರಣವಿರಬಹುದೆಂದು ಸಂಶೋಧಕರು ಊಹಿಸಿದರು. ಹಾಗಿದ್ದರೂ ಮಕ್ಕಳಿಗೆ ಹಸಿ ಹಾಲು ಕೊಡಿರೆಂದು ಅವರು ಸಲಹೆ ಮಾಡಲಿಲ್ಲ, ಏಕೆಂದರೆ ಹಸಿ ಹಾಲಿನಲ್ಲಿ ಬರುವ ರೋಗಾಣುಗಳ ಭಯ ಅವರಿಗೆ ತಿಳಿದಿತ್ತು. ಒಂಟೆಯ ಹಾಲಿನಲ್ಲಿ ಆ ಭಯ ಕಡಿಮೆಯೇನಲ್ಲ. ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್ ಎಂಬ ಜ್ವರ ಬರುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಕೀಲುನೋವು, ಸೊಂಟನೋವುಗಳಿಂದ ತಿಂಗಳುಗಟ್ಟಲೆ ಕಾಡುವ ಇದನ್ನು ಗುರುತಿಸುವುದೇ ಕಷ್ಟ. 2012ರಲ್ಲಿ ಸೌದಿ ಅರೇಬಿಯಾದಲ್ಲಿ ಮೊದಲು ಪತ್ತೆಯಾದ ಮರ್ಸ್ ಎಂಬ ಕೊರೊನಾ ವೈರಾಣು ರೋಗವು ಒಂಟೆಗಳಿಂದಲೇ ಮನುಷ್ಯರಿಗೆ ಹರಡಿದ್ದು. ಒಂಟೆಯ ಹಸಿ ಹಾಲನ್ನು ಕುಡಿಯಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮೊದಲೇ ಶ್ವಾಸಕೋಶದ ಕಾಯಿಲೆ ಇರುವವರು ಇಂಥ ಸೋಂಕಿಗೆ ತಮ್ಮನ್ನು ಒಡ್ಡಿಕೊಳ್ಳುವುದು ಬುದ್ಧಿವಂತಿಕೆಯಲ್ಲ. ಕಾಯಿಸಿದರೆ ಗುಣ ಸ್ವಲ್ಪ ಕುಗ್ಗಬಹುದು. ಕುಗ್ಗಲಿ, ಕಾಯಿಸಿಯೇ ಕುಡಿಯಬೇಕು.

ಔಷಧ ಬಿಡುವುದರಿಂದ ಏನಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಐದನೆಯ ತರಗತಿಯ ಬಾಲಕನೊಬ್ಬ ಎರಡು ವರ್ಷಗಳಿಂದ ವೈದ್ಯರು ಬರೆದುಕೊಟ್ಟ ಇನ್ಹೇಲರ್ ಬಳಸುತ್ತ, ಜೊತೆಗೆ ನನ್ನಲ್ಲಿ ಪಥ್ಯಸಲಹೆ ಪಡೆಯುತ್ತ ಚೆನ್ನಾಗಿಯೇ ಇದ್ದ. ಮನೆಯವರು ದೀಪಾವಳಿಯ ನಂತರ ಒಂಟೆಯ ಹಾಲಿನ ಪುಡಿ ತರಿಸಿದರು. ಮಗು ಹುರುಪಾಗಿರುವುದನ್ನು ಕಂಡು 'ಇನ್ನು ಈ ಪಂಪಿನ ಚಟ ಬೇಡ' ಎಂದು ಹಿರಿಯರು ನಿರ್ಧರಿಸಿದರು. ಐದಾರು ವಾರ ಏನೂ ಆಗಲಿಲ್ಲ. ಹಾಲೇ ಗುಣಮಾಡಿತೆಂದು ನಾಲ್ಕು ಮನೆಗಳಿಗೆ ಹೇಳಿಯೂ ಆಯಿತು. ಧನುರ್ಮಾಸದ ಚಳಿಯಲ್ಲಿ ಪೆಟ್ಟಿಗೆಯಿಂದ ಹಳೆಯ ಕೌದಿಗಳನ್ನು ತೆಗೆದು ಹೊದಿಸಿದ ರಾತ್ರಿ ಮಗುವಿಗೆ ಉಸಿರು ಕಟ್ಟಿತು. ಜಿಲ್ಲಾ ಆಸ್ಪತ್ರೆಗೆ ತಲುಪುವ ವೇಳೆಗೆ ತುಟಿಗಳು ನೀಲಿಗಟ್ಟಿದ್ದವು. ಆಮ್ಲಜನಕ, ನೆಬ್ಯುಲೈಸರ್, ಸ್ಟೀರಾಯ್ಡ್ ಚುಚ್ಚುಮದ್ದುಗಳಿಂದ ಬದುಕಿಕೊಂಡ. ಆ ಐದಾರು ವಾರಗಳ ನೆಮ್ಮದಿ ಹಾಲಿನದಲ್ಲ, ಹಿಂದೆ ಸೇದಿದ್ದ ಔಷಧದ ಉಳಿಕೆ. ಔಷಧದ ಪ್ರಭಾವ ಇಳಿದಂತೆ ಬೂದಿಯೊಳಗಿನ ಬೆಂಕಿ ಮೇಲೆದ್ದಿತು.

ಇನ್ಹೇಲರ್ ಚಟವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಅದು ಸರಿಯಲ್ಲ. ಸೇದುವ ಸ್ಟೀರಾಯ್ಡಿನ ಪ್ರಮಾಣ ಮೈಕ್ರೋಗ್ರಾಮಿನ ಲೆಕ್ಕದ್ದು, ನೇರವಾಗಿ ಶ್ವಾಸನಾಳಕ್ಕೆ ಹೋಗುವಂಥದ್ದು. ಸೇದಿದ ಮೇಲೆ ಬಾಯಿ ಮುಕ್ಕಳಿಸಿದರೆ ಬಾಯಿಹುಣ್ಣಿನ ತೊಂದರೆಯೂ ಬಹಳ ಕಡಿಮೆ. ನಾನು ಆಯುರ್ವೇದ ವೈದ್ಯ. ಆದರೂ ನನ್ನ ಬಳಿಗೆ ಬರುವ ಯಾವ ಉಬ್ಬಸದ ರೋಗಿಗೂ ಇದನ್ನು ನಿಲ್ಲಿಸೆಂದು ಹೇಳುವುದಿಲ್ಲ. ಪ್ರಮಾಣ ಇಳಿಸುವ ನಿರ್ಧಾರವನ್ನು ಅದನ್ನು ಬರೆದುಕೊಟ್ಟ ವೈದ್ಯರೇ ಮಾಡಬೇಕು. ತಮಕಶ್ವಾಸವನ್ನು ಚರಕರು ಯಾಪ್ಯವೆಂದು, ಅಂದರೆ ಚಿಕಿತ್ಸೆಯ ಆಸರೆಯಲ್ಲಿ ನಿಭಾಯಿಸಿಕೊಂಡು ಹೋಗಬೇಕಾದ ರೋಗವೆಂದು ಕರೆದಿರುವುದು ಇಲ್ಲಿ ಬಹಳ ಅರ್ಥಪೂರ್ಣ. ಹೊಸದಾಗಿ ಬಂದದ್ದು ಮಾತ್ರ ಸಾಧ್ಯವಾದೀತು ಎಂದಿದ್ದಾರೆ.

ಒಂಟೆಯ ಹಾಲಿನ ನಿಜವಾದ ನೆಲೆ ರಾಜಸ್ಥಾನ ಮತ್ತು ಕಛ್. ಅಲ್ಲಿಯ ರೈಕಾ, ರಬಾರಿ ಮೊದಲಾದ ಸಮುದಾಯಗಳು ತಲೆತಲಾಂತರದಿಂದ ಒಂಟೆ ಸಾಕಿಕೊಂಡು ಬಂದಿವೆ. ಹಾಲು ಮಾರುವುದನ್ನು ರೈಕಾ ಜನ ಹಿಂದೆ ನಿಷಿದ್ಧವೆಂದೇ ಬಗೆದಿದ್ದರು. ಟ್ರ್ಯಾಕ್ಟರು, ರಸ್ತೆಗಳು ಬಂದ ಮೇಲೆ ಒಂಟೆಗೆ ಕೆಲಸವಿಲ್ಲವಾಯಿತು. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 4 ಲಕ್ಷವಿದ್ದ ಒಂಟೆಗಳು 2019ರಲ್ಲಿ ಸುಮಾರು 2.5 ಲಕ್ಷಕ್ಕೆ ಇಳಿದವು. ರಾಜಸ್ಥಾನವು 2014ರಲ್ಲಿ ಒಂಟೆಯನ್ನು ರಾಜ್ಯಪ್ರಾಣಿಯೆಂದು ಘೋಷಿಸಿತು. ಬಿಕಾನೇರಿನ ರಾಷ್ಟ್ರೀಯ ಒಂಟೆ ಸಂಶೋಧನ ಕೇಂದ್ರವು ಹಾಲಿನ ಗುಣಗಳ ಬಗ್ಗೆ ದೀರ್ಘಕಾಲದಿಂದ ಕೆಲಸ ಮಾಡುತ್ತಿದೆ. 2016ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಈ ಹಾಲಿಗೆ ಮಾನದಂಡ ನಿಗದಿಪಡಿಸಿತು, 2019ರ ಜನವರಿಯಲ್ಲಿ ಅಮುಲ್ ಸಂಸ್ಥೆ ಕಛ್ ಪ್ರದೇಶದ ಹಾಲನ್ನು ಗುಜರಾತಿನ ಪೇಟೆಗೆ ತಂದಿತು. ಹಾಲಿಗೆ ನ್ಯಾಯವಾದ ಬೆಲೆ ಸಿಕ್ಕರೆ ಆ ಸಾಕಣೆಗಾರರೂ ಒಂಟೆಗಳೂ ಉಳಿದಾರು. ಆಹಾರವೆಂದು ಅದನ್ನು ಕೊಳ್ಳುವವರನ್ನು ನಾನು ತಡೆಯಲಾರೆ. ಆದರೆ ಕಿಲೋ ಒಂದಕ್ಕೆ ಸಾವಿರಗಟ್ಟಲೆ ರೂಪಾಯಿ ತೆತ್ತು 'ಅಸ್ತಮಾ ಪುಡಿ' ಎಂದು ಕೊಳ್ಳುವುದರಲ್ಲಿ ಲಾಭವಾಗುವುದು ನಡುವಿನ ವ್ಯಾಪಾರಿಗೆ.

ತೆಗೆದುಕೊಳ್ಳಲೇಬೇಕೆನ್ನುವವರು ಹೇಗೆ ತೆಗೆದುಕೊಳ್ಳಬೇಕು? ಡಬ್ಬಿಯ ಮೇಲೆ ಪಾಶ್ಚೀಕರಿಸಿದ ಹಾಲಿನಿಂದ ತಯಾರಿಸಿದ್ದು ಎಂಬ ಮಾತೂ ಆಹಾರ ಪ್ರಾಧಿಕಾರದ 14 ಅಂಕೆಗಳ ಪರವಾನಗಿ ಸಂಖ್ಯೆಯೂ ಇರಬೇಕು. ಹೆಪ್ಪುಗಟ್ಟಿಸಿ ಒಣಗಿಸಿದ ಪುಡಿ ಎಂದಾಕ್ಷಣ ರೋಗಾಣುಗಳು ಸತ್ತಿವೆಯೆಂದು ತಿಳಿಯಬಾರದು. ಆ ವಿಧಾನದಲ್ಲಿ ಅವು ಬದುಕುಳಿಯಬಲ್ಲವು. ದ್ರವರೂಪದ ಹಾಲಾದರೆ ಒಂದು ಕುದಿ ಬರಿಸಿ ಇಳಿಸಿದರೆ ಸಾಕು, ಬಹಳ ಹೊತ್ತು ಕಾಯಿಸಿ ಗಟ್ಟಿ ಮಾಡಿದರೆ ಗುರುವಾಗುತ್ತದೆ. ದೊಡ್ಡವರಿಗೆ ಅರ್ಧ ಲೋಟ, ಚಿಟಿಕೆ ಶುಂಠಿಪುಡಿ ಹಾಕಿ ಬೆಚ್ಚಗೆ, ಬೆಳಗ್ಗೆ ಅಥವಾ ಸಂಜೆ ಹಸಿವಾದಾಗ. ಮಲಗುವ ಮುನ್ನ ಬೇಡ, ಬಾಳೆಹಣ್ಣಿನೊಡನೆ ಬೇಡ. ಹಾಲಿನ ಅಲರ್ಜಿ ಇದ್ದವರು ಅಲರ್ಜಿ ತಜ್ಞರಲ್ಲಿ ಪರೀಕ್ಷೆ ಮಾಡಿಸದೆ ಒಂದು ಚಮಚವನ್ನೂ ಬಾಯಿಗಿಡಬಾರದು. ಒಂದು ವರ್ಷದೊಳಗಿನ ಕೂಸಿಗೆ ತಾಯಿಯ ಹಾಲಿನ ಬದಲು ಇದನ್ನು ಕೊಡಬಾರದು. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ಸಕ್ಕರೆಯ ಮಟ್ಟವನ್ನು ಗಮನಿಸುತ್ತಿರಬೇಕು. ಮಾತನಾಡುವಾಗ ಒಂದು ವಾಕ್ಯ ಪೂರೈಸಲಾಗದಷ್ಟು ಏದುಸಿರು, ಪಕ್ಕೆಲುಬುಗಳ ನಡುವೆ ಗುಳಿ, ತುಟಿ ಉಗುರುಗಳ ನೀಲಿ, ಪಂಪು ಸೇದಿದರೂ ಇಳಿಯದ ಬಿಗಿತ ಇವುಗಳಲ್ಲಿ ಯಾವುದೇ ಕಂಡರೂ ಹಾಲು, ಕಷಾಯ, ಲೇಹ್ಯಗಳೆಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕು.

ಹಾಲಿಗೆ ಮೊದಲೇ ಮಾಡಬೇಕಾದ, ಖರ್ಚಿಲ್ಲದ ಕೆಲಸಗಳಿವೆ. ಧೂಳು ಮತ್ತು ಹೊಗೆಯನ್ನು ಚರಕರು ಕಾರಣಗಳ ಪಟ್ಟಿಯ ಆರಂಭದಲ್ಲಿಯೇ ಇಟ್ಟಿದ್ದಾರೆ. ಕೌದಿ, ದಿಂಬಿನ ಚೀಲ, ಹೊದಿಕೆಗಳನ್ನು ವಾರಕ್ಕೊಮ್ಮೆ ಕೈ ಸುಡುವಷ್ಟು ಬಿಸಿ ನೀರಿನಲ್ಲಿ ನೆನೆಸಿ ಒಗೆದು ಕಡುಬಿಸಿಲಿಗೆ ಹಾಕಿದರೆ ಧೂಳಿನ ನುಸಿ ಸಾಯುತ್ತದೆ. ವರ್ಷವಿಡೀ ಪೆಟ್ಟಿಗೆಯಲ್ಲಿದ್ದ ಬಟ್ಟೆಯನ್ನು ಒಗೆಯದೆ ರೋಗಿಗೆ ಹೊದಿಸಬಾರದು. ಪೂಜೆಯ ಕೋಣೆಯಲ್ಲಿ ಊದುಬತ್ತಿಯ ಹೊಗೆ ತುಂಬಿಕೊಳ್ಳದಂತೆ ಕಿಟಕಿ ತೆರೆದಿರಲಿ, ಉಬ್ಬಸದ ರೋಗಿಯ ಪಾಲಿಗೆ ಹೂವೂ ದೀಪವೂ ಸಾಕು. ಹಿತ್ತಿಲಿನಲ್ಲಿ ಬೆಳೆದ ಪಾರ್ಥೇನಿಯಂ ಕಳೆಯನ್ನು ಹೂಬಿಡುವ ಮುನ್ನವೇ, ರೋಗಿಯಲ್ಲದವರು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೀಳಲಿ.

ಹಾಲನ್ನು ಆರಂಭಿಸುವವರು ಅದೇ ದಿನ ಒಂದು ನೋಟುಪುಸ್ತಕವನ್ನೂ ಆರಂಭಿಸಲಿ. ರಾತ್ರಿ ಉಸಿರು ಕಟ್ಟಿ ಎಚ್ಚರವಾದದ್ದು ಎಷ್ಟು ಸಲ, ತಕ್ಷಣದ ಪಂಪನ್ನು ಸೇದಿದ್ದು ಎಷ್ಟು ಸಲ ಎಂದು ಬರೆದಿಡಲಿ. ಉಳಿದ ಔಷಧ, ಪಥ್ಯ ಹಾಗೆಯೇ ಮುಂದುವರಿಯಲಿ. ಮೂರು ತಿಂಗಳು ಕಳೆದರೂ ಈ ಸಂಖ್ಯೆಗಳು ಇಳಿಯದಿದ್ದರೆ ಹಾಲನ್ನು ನಿಲ್ಲಿಸಿ, ಆ ಹಣದಲ್ಲಿ ಹಾಸಿಗೆ ದಿಂಬುಗಳಿಗೆ ನುಸಿ ನುಗ್ಗದಂಥ ದಟ್ಟ ನೇಯ್ಗೆಯ ಚೀಲಗಳನ್ನು ಹೊಲಿಸಬಹುದು.